ಗೇಲಿ ಮಾಡುವ ಹಕ್ಕಿರುವವನಿಗೆ

ಮಾಂಗ್ ಸರೋವರ
14 ನವೆಂಬರ್ 2023, ಮಂಗಳವಾರ

ಪ್ರೀತಿಯ ಎಕ್ತೋರ್ ಚಿಕ್ಕಪ್ಪ,

ಹೇಗಿದ್ದೀಯ? ಮೊದಲು ಮೊಣಕಾಲಿನ ಸಮಾಚಾರ ಹೇಳು. ಆಸ್ಪತ್ರೆ ವ್ಯಾನ್ ಓಡಿಸುವ ನಮ್ಮ ರೊಲಾಂ ಹೋದ ಮೇ ತಿಂಗಳಲ್ಲಿ ನಿನ್ನನ್ನು ಮಾಂಟ್ರಿಯಲ್‌ನ ಮೆಟ್ರೋ ಮೆಟ್ಟಿಲ ಮೇಲೆ ಕಂಡನಂತೆ. ಎರಡು ಮೆಟ್ಟಿಲು ಹತ್ತುವುದು, ನಿಲ್ಲುವುದು, ಮೂರನೆಯದನ್ನು ಬೈಯುವುದು, ಹೀಗೆ ಮಾಡುತ್ತಿದ್ದೆ ಎಂದ. ಯಾವ ಭಾಷೆಯಲ್ಲಿ ಬೈಯುತ್ತಿದ್ದ ಎಂದು ಕೇಳಿದೆ. ಅದನ್ನು ಯಾರು ಗಮನಿಸುತ್ತಾರೆ ಎಂದ. ಆರು ತಿಂಗಳಿಂದ ನಾನು ಅದೊಂದನ್ನೇ ಯೋಚಿಸುತ್ತಿದ್ದೇನೆ. ಪಾದದ ಹುಣ್ಣು ಒಣಗಿತೇ? ಸಕ್ಕರೆ ಹತೋಟಿಯಲ್ಲಿದೆಯೇ? ನನಗೂ ಬಂದಿದೆ, ಅಭಿನಂದನೆ ಹೇಳು. ಈ ಊರಿನಲ್ಲಿ ನಲವತ್ತೈದು ದಾಟಿಯೂ ಸಕ್ಕರೆ ಬರದವನನ್ನು ಜನ ಅನುಮಾನದಿಂದ ನೋಡುತ್ತಾರೆ. ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಒಂದು ಗುಳಿಗೆ, ನಡುವೆ ಬಾಯಿಗೆ ಬೀಗ ಹಾಕುವ ಘಳಿಗೆ. ನೋಡು, ಪ್ರಾಸದ ಚಟ ಇನ್ನೂ ಬಿಟ್ಟಿಲ್ಲ. ಹಚ್ಚಿದವನು ನೀನೇ. ದೋಣಿಯ ಮುಂಗಡೆ ನನ್ನನ್ನು ಕೂರಿಸಿ, ಒಂದು ಹುಟ್ಟಿಗೆ ಒಂದು ಸಾಲು ಹೊಂದಿಸದಿದ್ದರೆ ಊಟವಿಲ್ಲ ಎನ್ನುತ್ತಿದ್ದೆಯಲ್ಲ.

ಕಾಗದ ಯಾಕೆ ಬರೆದೆ ಎಂದು ಕೇಳುತ್ತೀಯ. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ ನಿನ್ನ ಬ್ಯಾಟರಿ ಸಾಯುತ್ತದೆ. ಹನ್ನೊಂದು ವರ್ಷದಿಂದ ತಪ್ಪದೆ, ಸಮಯಕ್ಕೆ ಸರಿಯಾಗಿ ಸಾಯುವ ಇಂಥ ಬ್ಯಾಟರಿ ಲೋಕದಲ್ಲಿ ಇನ್ನೊಂದಿಲ್ಲ. ಕಾಗದಕ್ಕೆ ಬ್ಯಾಟರಿ ಇಲ್ಲ. ಫ್ರೆಂಚಿನಲ್ಲಿ ಬರೆದಿದ್ದರೆ ನಿನಗೆ ಓದಲು ಸುಲಭವಿತ್ತು, ಗೊತ್ತು. ಬೇಕೆಂದೇ ನಮ್ಮ ಭಾಷೆಯಲ್ಲಿ ಬರೆದಿದ್ದೇನೆ. ಪಾದ್ರಿಗಳು ಕಲಿಸಿದ ಅಕ್ಷರದಲ್ಲಿ ನಮ್ಮ ಮಾತು ಕಣ್ಣಿಗೆ ಅರ್ಥವಾಗುವುದಿಲ್ಲ, ಬಾಯಲ್ಲಿ ಆಡಿಕೊಂಡರೆ ಮಾತ್ರ ಕಿವಿಗೆ ಅರ್ಥವಾಗುತ್ತದೆ. ಆದ್ದರಿಂದ ಗಟ್ಟಿಯಾಗಿ ಓದಬೇಕಾಗುತ್ತದೆ. ನಿನ್ನ ಕೋಣೆಯ ಪಕ್ಕದವರು ಮುದುಕನಿಗೆ ತಲೆ ಕೆಟ್ಟಿತು ಅಂದುಕೊಂಡರೆ ಅಂದುಕೊಳ್ಳಲಿ. ಅಷ್ಟು ಹೊತ್ತಾದರೂ ಆ ಕಟ್ಟಡದಲ್ಲಿ ನಮ್ಮ ಅನಿಸಿನಾಬೆ ಮಾತು ಕೇಳಿಸಿದಂತಾಯಿತು.

ಊರಿನ ಸಮಾಚಾರ ಹೆಚ್ಚಿಲ್ಲ. ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು. ಸರೋವರದ ಅಂಚು ಗಟ್ಟಿಯಾಗಿದೆ, ನಡುವೆ ಇನ್ನೂ ಕಪ್ಪು ನೀರು. ಸೆಪ್ಟೆಂಬರಿನ ಬೇಟೆಯಲ್ಲಿ ನನಗೆ ಒಂದು ಮೂಸ್ ಕಡವೆ ಸಿಕ್ಕಿತು, ಎರಡು ವರ್ಷದ ಗಂಡು. ಅದರ ಗಂಟಲ ಕೆಳಗಿನ ಜೋಲನ್ನು ನೀನು ತೋರಿಸಿದ್ದ ಹಾಗೆ ಸ್ಪ್ರೂಸ್ ಮರದ ಕೊಂಬೆಗೆ ಕಟ್ಟಿ ಬಂದೆ. ಪಕ್ಕದಲ್ಲಿದ್ದ ಹುಡುಗರು ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಯಾಕೆ ಕಟ್ಟುತ್ತೀ ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ, ಜೀವ ಕೊಟ್ಟ ಪ್ರಾಣಿಗೆ ಮರ್ಯಾದೆ ಎಂದು ಹೇಳುತ್ತಿದ್ದೆ. ಶಾಲೆಯಲ್ಲಿ ನನಗೆ ಈಗಲೂ ದಿನಕ್ಕೆ ಎರಡು ಪಾಠ ಕೊಟ್ಟಿದ್ದಾರೆ, ವ್ಯಾಯಾಮದ ಮೊದಲು ಒಂದು, ವ್ಯಾಯಾಮದ ನಂತರ ಒಂದು. ಮೊದಲನೆಯದರಲ್ಲಿ ಮಕ್ಕಳು ಕಿಟಕಿ ನೋಡುತ್ತಾರೆ, ಎರಡನೆಯದರಲ್ಲಿ ಬೆವರುತ್ತಾರೆ. ಬೀವರ್, ಕೊಡಲಿ, ಬೆರ್ರಿ ಹಣ್ಣು, ಎಲ್ಲ ನಮ್ಮ ಭಾಷೆಯಲ್ಲಿ ಹೇಳಬಲ್ಲರು. ಜಗಳ ಮಾತ್ರ ಫ್ರೆಂಚಿನಲ್ಲೇ.

ಈಗ ಅಮ್ಮನ ವಿಷಯ. ಅದನ್ನು ಬರೆಯಲೆಂದೇ ಕುಳಿತವನು ಮೂರು ಪ್ಯಾರಾ ಸುತ್ತು ಹೊಡೆದೆ. ಅಮ್ಮನಿಗೆ ಹುಷಾರಿಲ್ಲ, ಮತ್ತು ಹುಷಾರಾಗುವುದಿಲ್ಲ. ಬೇಸಿಗೆಯಲ್ಲಿ ಹೊಟ್ಟೆನೋವು ಎಂದಳು. ನಾವು ಮೀನಿನ ಮೇಲೆ ತಪ್ಪು ಹೊರಿಸಿದೆವು. ಆಗಸ್ಟಿನಲ್ಲಿ ವಾಲ್‌ದೋರ್ ಆಸ್ಪತ್ರೆಯಲ್ಲಿ ಒಂದು ಚಿತ್ರ ತೆಗೆದು, ಅದರಲ್ಲೊಂದು ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟರು. ಎಂಬತ್ತೊಂದು ವಯಸ್ಸು, ಕೊಯ್ಯುವುದಿಲ್ಲ ಎಂದರು. ಅವಳೂ ಕೊಯ್ಯಿಸಿಕೊಳ್ಳುವುದಿಲ್ಲ ಎಂದಳು. ಅಲ್ಲಿಯ ಗಾಳಿಗೆ ಔಷಧದ ವಾಸನೆ, ಮನೆಗೆ ನಡೆ ಎಂದಳು. ಕರೆದುಕೊಂಡು ಬಂದೆ. ಮುಂದಿನ ಕೋಣೆಯಲ್ಲಿ ಒಲೆಯ ಹತ್ತಿರ ಮಂಚ ಹಾಕಿದ್ದೇನೆ, ಕೆಳಗೆ ಪರಿಮಳಕ್ಕೆ ಫರ್ ಮರದ ಕೊಂಬೆ ಹಾಸಿದ್ದೇನೆ. ವಾರಕ್ಕೊಮ್ಮೆ ಹೊಸದು ತರುತ್ತೇನೆ. ನರ್ಸ್ ದಿನ ಬಿಟ್ಟು ದಿನ ಬರುತ್ತಾಳೆ. ಒಳ್ಳೆಯ ಹೆಂಗಸು, ಕ್ರಿಸ್‌ಮಸ್ ಮಾತು ಎತ್ತುವುದಿಲ್ಲ.

ಆದರೆ ಚಿಕ್ಕಪ್ಪ, ನಾನು ಬರೆಯಬೇಕಾದದ್ದು ಕಾಯಿಲೆಯ ಬಗ್ಗೆ ಅಲ್ಲ. ಅಮ್ಮ ಮಾತು ನಿಲ್ಲಿಸಿದ್ದಾಳೆ. ಇಂದಿಗೆ ಐದು ವಾರ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಚಮಚ ಹಿಡಿದರೆ ಬಾಯಿ ತೆರೆಯುತ್ತಾಳೆ, ಸಾಕಾದರೆ ಮುಚ್ಚುತ್ತಾಳೆ. ನೋವೇ ಎಂದರೆ ತಲೆಯಾಡಿಸುತ್ತಾಳೆ. ಗೋಡೆಗೆ ಮುಖ, ನನಗೆ ದುಃಖ, ನಡುವೆ ಒಲೆಯ ಶಾಖ, ಅಷ್ಟೇ ಈ ಮನೆ. ಇದು ಕಾಯಿಲೆಯಿಂದ ಆದದ್ದು ಎಂದು ನರ್ಸ್ ಅಂದುಕೊಂಡಿದ್ದಾಳೆ. ನಾನು ತಿದ್ದಲಿಲ್ಲ. ಮಾಡಿದವನು ನಾನು. ಹೇಗೆ ಎಂದು ನಿನಗೊಬ್ಬನಿಗೇ ಹೇಳಲು ಸಾಧ್ಯ, ಯಾಕೆಂದರೆ ಅದರ ಅಸಹ್ಯ ಅರ್ಥವಾಗುವವನು ಈಗ ನೀನೊಬ್ಬನೇ.

ಕಳೆದ ಚಳಿಗಾಲದಲ್ಲಿ ಕಮಿಲ್ ಎಂಬ ಹುಡುಗಿ ವಿಶ್ವವಿದ್ಯಾಲಯದಿಂದ ಬಂದಳು, ನಮ್ಮ ಭಾಷೆಯನ್ನು ಧ್ವನಿಮುದ್ರಿಸಿ ಉಳಿಸಲು. ಒಳ್ಳೆಯವಳು, ಬಂದ ವಾರವೇ ಮೀನು ಸೀಳುವುದು ಕಲಿತಳು, ಬೆರಳನ್ನೂ ಸೀಳಿಕೊಂಡಳು. ಅಮ್ಮನ ಮುಂದೆ ಯಂತ್ರವಿಟ್ಟು ಒಂದೊಂದೇ ಪದ ಕೇಳಿದಳು. ಅಮ್ಮ ಬೇಸರವಿಲ್ಲದೆ ಹೇಳಿದಳು. ಮಂಜುಗಡ್ಡೆಯ ಹೆಸರು, ಬುಟ್ಟಿ ಹೊಲಿಯುವ ಬೇರಿನ ಹೆಸರು, ತೊಟ್ಟಿಲ ಹಲಗೆಯ ಒಂದೊಂದು ಭಾಗದ ಹೆಸರು. ನನಗೇ ಗೊತ್ತಿಲ್ಲದವು ಎಷ್ಟೋ. ಬೇಸಿಗೆಯ ಕೊನೆಗೆ ಎಲ್ಲವನ್ನೂ ಕೇಳಿಸಿಕೊಂಡ ಕಮಿಲ್ ಒಂದು ದಿನ ತಲೆ ಕೆರೆದುಕೊಂಡು ಕುಳಿತಳು. 'ರೆಜಿ, ಇದು ಅಂಗಡಿಯ ಸಾಮಾನು ಪಟ್ಟಿ ಓದಿದ ಹಾಗಿದೆ. ಅಜ್ಜಿ ಒಂದ್ಸಲಾನೂ ನಕ್ಕಿಲ್ಲ. ನಿಮ್ಮೋರು ಮನೇಲಿ ಹೇಗೆ ಮಾತಾಡ್ತಾರೋ ಅದು ಬೇಕು ನಂಗೆ' ಎಂದಳು. ಮಕ್ಕಳು ನಿಘಂಟಿನಿಂದ ಮಾತು ಕಲಿಯುವುದಿಲ್ಲ, ನಗುವಿನಿಂದ ಕಲಿಯುತ್ತಾರೆ ಎಂದೂ ಹೇಳಿದಳು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಅಮ್ಮ ನಗಬೇಕಾದರೆ ಅವಳನ್ನು ಗೇಲಿ ಮಾಡುವವರು ಬೇಕು ಎಂದೆ. ನೀವೇ ಮಾಡಿ ಎಂದಳು. ಆಗ ಅವಳಿಗೆ ವಿವರಿಸಬೇಕಾಯಿತು. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು, ಗೇಲಿ ಅವರ ಸೊತ್ತು. ಅವರು ಮುಖ ಕಂಡ ಕೂಡಲೇ ಕೆಣಕಲೇಬೇಕು, ಹೊಲಸು ಮಾತೂ ಆಡಬಹುದು. ಆಡದಿದ್ದರೆ ಇವರ ನಡುವೆ ಏನೋ ಸರಿಯಿಲ್ಲ ಎಂದು ಊರು ಕೇಳುತ್ತದೆ. ಒಡಹುಟ್ಟಿದವರು ಆಡಬಾರದು. ಮಕ್ಕಳಂತೂ ಕನಸಿನಲ್ಲೂ ಆಡಬಾರದು. ನಮ್ಮ ಮಾತಿನ ಅರ್ಧ ಉಪ್ಪು ಇರುವುದೇ ಆ ಗೇಲಿಯಲ್ಲಿ, ಮತ್ತು ಅದನ್ನು ಒಬ್ಬರೇ ಕುಳಿತು ಯಂತ್ರಕ್ಕೆ ಹೇಳಲು ಬರುವುದಿಲ್ಲ. ಕೆಣಕಿದವರಿದ್ದರೆ ತಾನೇ ಜವಾಬು ಹುಟ್ಟುವುದು. ಕಮಿಲ್ ಪುಸ್ತಕ ತೆಗೆದು, ಅಮ್ಮನಿಗೆ ಹಾಗೆ ವರಸೆಯಾಗುವವರ ಹೆಸರು ಹೇಳಿ ಎಂದಳು. ನಾನು ಹೇಳುತ್ತ ಹೋದೆ. ಆಗಾತ್ ಹೋದಳು, ಕೊರೊನಾದಲ್ಲಿ. ಲೂಯಿ ಹೋದ, ಅದೇ ವಾರ. ಅವನಿಗಿಂತ ಮೊದಲು ಇಗ್ನಾಸ್, ಹಿಮದ ಸ್ಕೂಟರ್ ಸಮೇತ ಸರೋವರದೊಳಗೆ. ಅವಳು ಪುಸ್ತಕದಲ್ಲಿ ಗೀಟು ಎಳೆಯುತ್ತ ಬಂದಳು. ಕೊನೆಗೊಂದು ಹೆಸರು ಉಳಿಯಿತು, ಅಮ್ಮನ ಸೋದರಮಾವನ ಕಿರಿಯ ಮಗ. ಇವರೆಲ್ಲಿ ಎಂದಳು. ಮಾಂಟ್ರಿಯಲ್‌ನಲ್ಲಿ, ಬ್ಯಾಟರಿ ಸತ್ತಿದೆ ಎಂದೆ.

ನಮ್ಮ ಶಾಲೆಯ ಮಕ್ಕಳಿಗಂತೂ ತಮಗೆ ಯಾರು ಗೇಲಿಯ ವರಸೆ, ಯಾರು ಅಲ್ಲ ಎಂಬುದೇ ಗೊತ್ತಿಲ್ಲ. ಎಲ್ಲರೂ ಕಸಿನ್. ಎಲ್ಲರೂ ಕಸಿನ್ ಆದ ಮೇಲೆ ಯಾರನ್ನು ಕೆಣಕಬೇಕು, ಯಾರಿಗೆ ತಲೆ ತಗ್ಗಿಸಬೇಕು? ಯಾರನ್ನೂ ಇಲ್ಲ, ಯಾರಿಗೂ ಇಲ್ಲ. ತಲೆ ತಗ್ಗಿಸುವುದು ಫೋನಿಗೆ ಮಾತ್ರ.

ಇನ್ನು ನಾನು ಮಾಡಿದ ಕೆಲಸ. ಅಕ್ಟೋಬರ್ ಹತ್ತು, ಮಧ್ಯಾಹ್ನ. ಅವತ್ತು ಅಮ್ಮ ಚೆನ್ನಾಗಿದ್ದಳು. ದಿಂಬಿಗೆ ಒರಗಿ ಕುಳಿತು ಚಹಾ ಕುಡಿಯುತ್ತಿದ್ದಳು. ಕಮಿಲ್ ಯಂತ್ರ ಹಚ್ಚಿದ್ದಳು, ಎರಡು ದಿನದಲ್ಲಿ ಊರಿಗೆ ಹೊರಡುವವಳು. ನನಗೆ ಏನಾಯಿತೋ. ಉಳಿಸಬೇಕು ಎಂಬ ಹುಚ್ಚು. ನೀನು ಬಾಗಿಲ ಹಿಂದಿನ ಮೊಳೆಗೆ ಬಿಟ್ಟು ಹೋದ ಕೆಂಪು ಟೋಪಿ ಅಲ್ಲೇ ಇತ್ತು, ಹಾಕಿಕೊಂಡೆ. ನೀನು ಕೂರುತ್ತಿದ್ದ ಕುರ್ಚಿಯನ್ನು ತಿರುಗಿಸಿ, ನಿನ್ನ ಹಾಗೆ ಬೆನ್ನಿನ ಮೇಲೆ ಗಲ್ಲವಿಟ್ಟು ಕುಳಿತೆ. ನಿನ್ನ ದನಿ ಮಾಡಿದೆ. ನೀನು ಪ್ರತಿ ಸಲ ಈ ಮನೆಯ ಹೊಸಿಲು ದಾಟಿ ಹೇಳುತ್ತಿದ್ದ ಮಾತು ನೆನಪಿದೆಯಲ್ಲ? 'ಏನೇ ಅನಸ್ತಾಸಿ, ನನ್ನ ಬಿಟ್ಟು ಆ ಕೋಲುಕಾಲಿನೋನ್ನ ಕಟ್ಕೊಂಡ್ಯಲ್ಲ, ಹಾಸಿಗೇಲಿ ಕಾಲ್ಯಾವುದು ಕೋಲ್ಯಾವುದು ಗೊತ್ತಾಗುತ್ತೇನೇ?' ಅದನ್ನೇ ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಆ ಕೋಲುಕಾಲಿನವನು ನನ್ನ ಅಪ್ಪ. ಅಪ್ಪ ಹೋಗಿ ಇಪ್ಪತ್ತು ವರ್ಷ. ಹೇಳಿದ ಮೇಲೆ ಹೊಳೆಯಿತು, ನಾನು ನನ್ನ ತಾಯಿಯ ಹಾಸಿಗೆಯ ಮಾತು ಆಡಿದೆ ಎಂದು. ನೀನು ಆಡಿದಾಗ ಅದು ನಗು. ನನ್ನ ಬಾಯಲ್ಲಿ ಅದು ಏನು ಎಂಬುದಕ್ಕೆ ನಮ್ಮಲ್ಲಿ ಹೆಸರೂ ಇಲ್ಲ, ಯಾಕೆಂದರೆ ಯಾರೂ ಮಾಡಿಲ್ಲ. ಅಮ್ಮ ಬೈಯಲಿಲ್ಲ. ಚಹಾದ ಲೋಟ ಮಡಿಲಲ್ಲೇ ಓರೆಯಾಯಿತು. ಅವಳು ನನ್ನ ಮುಖ ನೋಡಿದಳು, ಆಮೇಲೆ ನಿನ್ನ ಟೋಪಿ ನೋಡಿದಳು. ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದಳು. ಯಂತ್ರ ಓಡುತ್ತಲೇ ಇತ್ತು. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುವುದು ಅದರಲ್ಲಿ ಚೆನ್ನಾಗಿ ಬಂದಿದೆ. ಕಮಿಲ್ ಅದಕ್ಕೆ 'ಸಹಜ ಸಂಭಾಷಣೆ, ಒಂದು' ಎಂದು ಹೆಸರಿಟ್ಟು ಕಂಪ್ಯೂಟರಿಗೆ ಹಾಕಿದ್ದಾಳೆ. ಎರಡು ಇಲ್ಲ.

ಕ್ಷಮೆ ಕೇಳಿದೆ. ಮೊಣಕಾಲೂರಿ ಕೇಳಿದೆ. ನಮ್ಮ ರಿವಾಜಿನಂತೆ ಅವಳ ಮುಂದೆ ತಂಬಾಕು ಇಟ್ಟೆ. ಪಾದ್ರಿಯನ್ನೂ ಕರೆತಂದೆ, ಆತ ಫ್ರೆಂಚಿನಲ್ಲಿ ದೇವರ ಕ್ಷಮೆಯ ಬಗ್ಗೆ ಹೇಳಿದ, ಅಮ್ಮನ ಕ್ಷಮೆಯ ಬಗ್ಗೆ ಅವನಿಗೆ ಮಾಹಿತಿ ಇರಲಿಲ್ಲ. ನನ್ನ ಮಗಳು ಮೈಕಾ ಸಂಜೆ ಬಂದು ಅಜ್ಜಿಯ ಕೂದಲು ಬಾಚುತ್ತಾಳೆ. ಅವಳಿಗೆ ನಮ್ಮ ಮಾತು ಅಷ್ಟಕ್ಕಷ್ಟೇ, ಆದ್ದರಿಂದ ಆ ಮೌನ ಅವಳಿಗೆ ಭಾರವೆನಿಸುವುದಿಲ್ಲ. ನನಗೆ ಎನಿಸುತ್ತದೆ. ಈ ಊರಿನಲ್ಲಿ ಈ ಭಾಷೆಯನ್ನು ತಡವರಿಸದೆ ಆಡುವವರು ಎಷ್ಟು ಮಂದಿ ಉಳಿದರು ಎಂದು ಯಾರಾದರೂ ಕೇಳಿದರೆ ಹೇಳಲು ಹೆದರುತ್ತೇನೆ. ಇದ್ದವರಲ್ಲಿ ಒಬ್ಬಳ ಬಾಯಿ ಮುಚ್ಚಿಸಿದವನು ಊರಿನ ಭಾಷಾ ಮೇಷ್ಟ್ರು. ಊರಿಗೊಬ್ಬ ಮೇಷ್ಟ್ರು, ಊರಿಗೇ ಅನಿಷ್ಟ್ರು. ಪ್ರಾಸಕ್ಕಾಗಿ ಒತ್ತಕ್ಷರ ಸೇರಿಸಿದ್ದೇನೆ, ನೀನಾದರೆ ಊಟ ಕಡಿತ ಮಾಡುತ್ತಿದ್ದೆ.

ಈ ಐದು ವಾರ ಅವಳ ಬೆನ್ನು ನೋಡುತ್ತ ಕುಳಿತಾಗ ಅವಳೇ ಹೇಳುತ್ತಿದ್ದ ಒಂದು ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ. ಅದು ನಿನ್ನ ಸಂಗತಿ. ಅವಳನ್ನು ಅಜ್ಜ ಕಾಡಿನಲ್ಲಿ ಬಚ್ಚಿಟ್ಟ, ಆದ್ದರಿಂದ ಅವಳು ಪಾದ್ರಿಗಳ ವಸತಿಶಾಲೆಗೆ ಹೋಗಲಿಲ್ಲ. ನಿನ್ನನ್ನು ಬಚ್ಚಿಡಲಾಗಲಿಲ್ಲ. ಆರು ವರ್ಷಕ್ಕೆ ಲಾರಿಯ ಮೇಲೆ ಹೋದೆ. ಜೂನಿನಲ್ಲಿ ಮರಳಿ ಬಂದಾಗ ತಲೆ ಬೋಳು, ಬಾಯಿ ಬರಿದು. ನಮ್ಮ ಮಾತು ಕೇಳಿದರೆ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದೆ, ಯಾರೋ ಹೊಡೆಯಲು ಬಂದ ಹಾಗೆ. ನಿನ್ನ ತಾಯಿ ಅತ್ತಳಂತೆ. ಅಮ್ಮ ಅಳಲಿಲ್ಲ, ಹದಿನೆಂಟರ ಹುಡುಗಿ, ಅವಳಿಗಿದ್ದ ಹಕ್ಕು ಗೇಲಿಯದು. ಬೆಳಗಾದರೆ ನಿನ್ನ ಹಿಂದೆ ಬೀಳುತ್ತಿದ್ದಳು. 'ಲೇ ಬೋಳ, ನಿನ್ನ ತಲೇನ ಬಾತುಕೋಳಿ ಮೊಟ್ಟೆ ಅಂದ್ಕೊಂಡು ಕೂತ್ಕೊಂಡ್ರೆ ಏನೋ ಮಾಡ್ತೀಯ?' ಅನ್ನುವುದು. 'ಬಾಯಿಲ್ಲದ ಮದುಮಗ, ನನ್ನ ಮದುವೆ ಆಗ್ತೀಯೇನೋ?' ಅನ್ನುವುದು. ಹತ್ತು ದಿನ, ಹದಿನೈದು ದಿನ. ಹದಿನಾರನೆಯ ದಿನ ನಿನಗೆ ಸಿಟ್ಟು ಬಂದು ಅವಳಿಗೆ ಮರ ಕಡಿಯಲು ಹಲ್ಲಿಲ್ಲದ ಮುದಿ ಬೀವರ್ ಎಂದು ನಮ್ಮ ಮಾತಿನಲ್ಲೇ ಬೈದೆಯಂತೆ. ಅವಳು ನೀರಿಗೆ ಓಡಿ, ನೀರಲ್ಲಿ ನಿಂತು ನಕ್ಕಳಂತೆ. ಅತ್ತದ್ದು ಗೊತ್ತಾಗದಿರಲಿ ಅಂತ ಮುಖ ತೊಳೆದಳಂತೆ. ಪ್ರತಿ ಸೆಪ್ಟೆಂಬರಿನಲ್ಲಿ ಅವರು ನಿನ್ನ ನಾಲಿಗೆ ಒಯ್ದರು, ಪ್ರತಿ ಜೂನಿನಲ್ಲಿ ಇವಳು ಕೆಣಕಿ ಕೆಣಕಿ ಹಿಂದಕ್ಕೆ ತಂದಳು. ಇದನ್ನು ನೀನು ಮರೆತಿದ್ದೀ ಎಂದು ನಾನು ನಂಬುವುದಿಲ್ಲ.

ಬ್ಲಾಂಶ್ ಚಿಕ್ಕಮ್ಮನ ಮಣ್ಣಿನ ದಿನವನ್ನೂ ನೀನು ಮರೆತಿಲ್ಲ, ಗೊತ್ತು. ಅದರ ಬಗ್ಗೆ ಹನ್ನೊಂದು ವರ್ಷ ಯಾರೂ ಮಾತಾಡಿಲ್ಲ. ನಾನು ಆಡುತ್ತೇನೆ, ಸಹಿಸಿಕೋ. ಅದಕ್ಕೆ ಮೊದಲು ಮರದ ಕತೆ ಹೇಳಬೇಕು, ಅದಿಲ್ಲದೆ ಇದಿಲ್ಲ. ನಿನಗೆ ಇಪ್ಪತ್ತು ತುಂಬಿದ್ದ ಶರತ್ಕಾಲ, ನಾನು ಇನ್ನೂ ಹುಟ್ಟಿರಲಿಲ್ಲ. ಬರ್ಚ್ ತೊಗಟೆಯ ಕೊಳವೆ ಸುತ್ತಿ ಹೆಣ್ಣು ಮೂಸ್ ಕೂಗಿದ ಹಾಗೆ ಕೂಗಿದೆ. ಎಷ್ಟು ಚೆನ್ನಾಗಿ ಕೂಗಿದೆಯೆಂದರೆ, ಕೊಂಬೇ ಒಂದಾಳು ಅಗಲವಿದ್ದ ಗಂಡು ಮೂಸ್ ಪೊದೆ ಸೀಳಿಕೊಂಡು ಬಂತು, ನಿನಗೆ ಬಂದೂಕು ಎತ್ತಲೂ ಬಿಡದೆ ಮರ ಹತ್ತಿಸಿತು. ಬೆಳಗಿನಿಂದ ಸಂಜೆಯವರೆಗೆ ಅದು ಕೆಳಗೆ, ನೀನು ಮೇಲೆ. ಅದು ಮರಕ್ಕೆ ಕೊಂಬು ಉಜ್ಜುತ್ತ ನಿನ್ನನ್ನೇ ನೋಡುತ್ತ ನಿಂತಿತ್ತು. ಅಂದಿನಿಂದ ಅಮ್ಮನ ಬಾಯಲ್ಲಿ ಅದು ನಿನ್ನ ಗಂಡ. 'ನಿನ್ನ ಗಂಡ ಹೇಗಿದ್ದಾನೋ?' 'ಗಂಡನ ಮನೆಗೆ ಹೋಗಲ್ವೇನೋ?' ನಿನ್ನ ಮದುವೆಯ ದಿನ ಇಗರ್ಜಿಯ ಮೆಟ್ಟಿಲಲ್ಲಿ ನಿಂತು, 'ಬ್ಲಾಂಶ್, ನೋಡ್ಕೊಳ್ಳೆ, ಇವನಿಗೆ ಮೊದಲನೇ ಸಂಬಂಧ ಒಂದಿದೆ' ಎಂದಳಂತೆ. ಚಿಕ್ಕಮ್ಮ ಕುಸಿದು ಕೂತು ನಕ್ಕಿದ್ದರಂತೆ. ನೀನೂ.

ಆಮೇಲೆ ಆ ಅಕ್ಟೋಬರ್. ಗುಂಡಿಯ ಒಂದು ಬದಿ ನೀನು ಸನಿಕೆ ಹಿಡಿದಿದ್ದೆ, ಇನ್ನೊಂದು ಬದಿ ನಾನು. ನಮ್ಮ ಮನೆತನದಲ್ಲಿ ಮೊದಲ ಮಣ್ಣು ಬೀಳುವ ಮೊದಲು ಗೇಲಿಯ ವರಸೆಯವರು ಉಳಿದವರನ್ನು ಒಮ್ಮೆಯಾದರೂ ನಗಿಸಬೇಕು. ನಗದಿದ್ದರೆ ಹೋಗುವ ಜೀವ ಹಿಂದೆ ತಿರುಗಿ ನೋಡುತ್ತದೆ. ಆ ಕೆಲಸ ಅಮ್ಮನದು. ಅವಳು ಮುಂದೆ ಬಂದು ನಿನ್ನ ತೋಳು ಹಿಡಿದು, 'ಅಳಬೇಡ ಎಕ್ತೋರ್, ನಿನ್ನ ಗಂಡ ಇನ್ನೂ ಬದುಕಿದ್ದಾನೆ ಕಾಡಲ್ಲಿ' ಎಂದಳು. ಯಾರೋ ಒಬ್ಬರು ನಕ್ಕರು, ನಾನೇ ಇರಬೇಕು. ನೀನು ನಗಲಿಲ್ಲ. ಸನಿಕೆಯನ್ನು ಗುಂಡಿಯ ಅಂಚಿಗೆ ಚುಚ್ಚಿ ನಿಲ್ಲಿಸಿ, ಅವಳ ಮುಖ ನೋಡದೆ ದಾರಿ ಹಿಡಿದೆ. ಮಣ್ಣನ್ನು ನಾನೊಬ್ಬನೇ ಎಳೆದೆ. ಮಾರನೆಯ ದಿನದ ಬಸ್ಸಿಗೆ ನೀನು ಹೋದೆ ಎಂದು ತಿಳಿಯಿತು. ನಿನ್ನನ್ನು ದೂರುವುದಿಲ್ಲ. ಮೂವತ್ತೈದು ವರ್ಷ ಜೊತೆಗಿದ್ದವಳನ್ನು ಪೆಟ್ಟಿಗೆಯಲ್ಲಿಟ್ಟ ದಿನ ಯಾವ ರೀತಿ, ಯಾವ ರಿವಾಜು? ಆದರೆ ಅಮ್ಮ ಅವತ್ತು ಬಾಯಿಚಟಕ್ಕೆ ಆಡಲಿಲ್ಲ. ಮೂರು ದಿನ ನಿದ್ದೆಯಿಲ್ಲದೆ ಯಾವ ಮಾತಿಗೆ ನೀನು ನಗಬಹುದು ಎಂದು ಹುಡುಕಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ಆಡಿಕೊಂಡು ನೋಡುತ್ತಿದ್ದಳು, ನಾನು ಕೇಳಿಸಿಕೊಂಡಿದ್ದೇನೆ. ಆರು ವರ್ಷದ ಬೋಳ ಹುಡುಗನನ್ನು ಹಿಂದಕ್ಕೆ ತಂದ ಉಪಾಯ ಅವಳಿಗೆ ಅದೊಂದೇ ಗೊತ್ತಿತ್ತು. ಅಂದಿನಿಂದ ಅವಳು ನಿನ್ನ ಆ ಗಂಡನ ಮಾತು ಎತ್ತಿದ್ದಿಲ್ಲ. ನಿನ್ನ ಟೋಪಿಯನ್ನು ಮೊಳೆಯಿಂದ ತೆಗೆಯಲು ಬಿಟ್ಟದ್ದೂ ಇಲ್ಲ.

ಹೀಗಿದೆ ಪರಿಸ್ಥಿತಿ. ನಿನ್ನನ್ನು ದೊಡ್ಡದೇನೂ ಕೇಳುವುದಿಲ್ಲ. ರೊಲಾಂ ನಾಳೆ ನಸುಕಿಗೆ ಡಯಾಲಿಸಿಸ್‌ನವರನ್ನು ಕರೆದುಕೊಂಡು ಅಲ್ಲಿಗೆ ಹೊರಡುತ್ತಾನೆ, ಈ ಕಾಗದ ಅವನ ಕೈಯಲ್ಲಿ. ಅವನ ಫೋನಿನಲ್ಲಿ ದನಿ ಹಿಡಿಯುವುದು ಸುಲಭ, ಒಂದು ಗುಂಡಿ ಒತ್ತಿದರಾಯಿತು. ಅಮ್ಮನಿಗೆ ಒಂದು ಮಾತು ಹೇಳಿ ಕಳಿಸು. ಒಳ್ಳೆಯ ಮಾತು ಬೇಡ. ಒಳ್ಳೆಯ ಮಾತು ಹೇಳುವವರು ಇಲ್ಲಿ ಸಾಲುಗಟ್ಟಿದ್ದಾರೆ. ಒಂದು ಕೆಟ್ಟ ಮಾತು. ಹಲ್ಲಿಲ್ಲದ ಬೀವರ್ ಎನ್ನು, ಏನಾದರೂ ಅನ್ನು. ಅವಳ ಕಿವಿಯ ಹತ್ತಿರ ಹಿಡಿಯುತ್ತೇನೆ. ತಿರುಗಿದರೆ ತಿರುಗಲಿ, ಇಲ್ಲದಿದ್ದರೆ ಇಲ್ಲ. ಕಮಿಲ್‌ಗೆ ಕಳಿಸುವುದಿಲ್ಲ, ಕಂಪ್ಯೂಟರಿಗೂ ಹಾಕುವುದಿಲ್ಲ, ಮಾತು ಕೊಡುತ್ತೇನೆ.

ಕಾಗದದ ಜೊತೆ ಮೈಕಾ ಸುಟ್ಟ ಬ್ಯಾನಕ್ ರೊಟ್ಟಿ, ಸ್ವಲ್ಪ ಒಣಗಿಸಿದ ಮೂಸ್ ಮಾಂಸ ಇಟ್ಟಿದ್ದೇನೆ. ರೊಟ್ಟಿ ಗಟ್ಟಿಯಾಗಿದೆ, ಮೊಣಕಾಲಿಗೆ ಕಟ್ಟಿಕೊಂಡರೂ ಆದೀತು. ಪಾದ ಒದ್ದೆ ಮಾಡಿಕೊಳ್ಳಬೇಡ. ಮೈಕಾ ನಿನಗೆ ನಮಸ್ಕಾರ ಹೇಳಿದ್ದಾಳೆ, ನಮ್ಮ ಭಾಷೆಯಲ್ಲೇ, ಎರಡು ತಪ್ಪು ಮಾತ್ರ. ನಿನ್ನ ದಾರಿಯ ಮೇಲೆ ಮಂಜುಗಡ್ಡೆ ಗಟ್ಟಿಯಾಗಿರಲಿ.

ನಿನ್ನ
ರೆಜಿನಾಲ್
(ಮುಂಗಡೆ ಕೂತು ಹುಟ್ಟು ಹಾಕುತ್ತಿದ್ದವನು)

ಮರೆತಿದ್ದೆ, ಅಲ್ಲ, ಮರೆತದ್ದಲ್ಲ, ಈಗ ತಾನೇ ನಡೆದದ್ದು. ಅವಸರದಲ್ಲಿ ಬರೆಯುತ್ತಿದ್ದೇನೆ, ರೊಲಾಂ ಚಹಾ ಮುಗಿಸಿ ಕಾಗದಕ್ಕಾಗಿ ಕೂತಿದ್ದಾನೆ. ತಪ್ಪು ನೋಡಲೆಂದು ಒಲೆಯ ಹತ್ತಿರ ಕುಳಿತು ಇದನ್ನು ಗಟ್ಟಿಯಾಗಿ ಓದಿಕೊಂಡೆ. ಅಮ್ಮ ನಿದ್ದೆ ಮಾಡಿದ್ದಾಳೆ ಅಂದುಕೊಂಡಿದ್ದೆ. ಮರದ ಕತೆಗೆ ಬಂದಾಗ ಗೋಡೆಯ ಕಡೆಯಿಂದ ದನಿ ಬಂತು. 'ಸಂಜೆವರೆಗಲ್ಲ. ಮರುದಿನ ಮಧ್ಯಾಹ್ನದವರೆಗೆ. ಉಚ್ಚೆ ಹೊಯ್ದದ್ದೂ ಮೇಲಿಂದಲೇ' ಎಂದಳು. ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ನಾನು ಅಲುಗಾಡಲಿಲ್ಲ. ಓದು ನಿಲ್ಲಿಸಲೂ ಹೆದರಿಕೆಯಾಗಿ ಕೊನೆಯವರೆಗೆ ಓದಿದೆ. ಫೋನಿನಲ್ಲಿ ದನಿ ಕಳಿಸು ಎಂಬಲ್ಲಿ ಹುಂ ಎಂದಳು. ಆಮೇಲೆ ಮೈಕಾಳ ಕೈ ಹಿಡಿದುಕೊಂಡು, ಬಹಳ ಹೊತ್ತು ತೆಗೆದುಕೊಂಡು, ಬಾಗಿಲ ಕಡೆಗೆ ತಿರುಗಿ ಮಲಗಿದಳು. ನನ್ನನ್ನು ಇನ್ನೂ ನೋಡಿಲ್ಲ. ಮೊಳೆಯ ಮೇಲಿನ ಟೋಪಿ ನೋಡುತ್ತಾಳೆ. ಕಮಿಲ್ ಬಿಟ್ಟು ಹೋದ ಯಂತ್ರ ಮೇಜಿನ ಮೇಲಿತ್ತು, ಹಚ್ಚಲಿಲ್ಲ. ಮಧ್ಯಾಹ್ನ ಬಂದ ನರ್ಸ್, ವಾರದ ಮಾತು ಬಿಡಿ, ಇನ್ನು ದಿನ ಎಣಿಸಿ ಎಂದು ಹೇಳಿ ಹೋಗಿದ್ದಾಳೆ. ಮೇಲೆ ಅದನ್ನು ಬರೆಯಲು ನನಗೆ ಕೈ ಬರಲಿಲ್ಲ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. 'ಆ ಬೋಳನಿಗೆ ಬರಿ. ಮರದ ಕೆಳಗೆ ನಿಂತೂ ನಿಂತೂ ಅವನ ಗಂಡನಿಗೆ ವಯಸ್ಸಾಯ್ತು, ಕೊಂಬು ಉದುರೋಯ್ತು, ಕಾಲು ನಿಲ್ತಿಲ್ಲ. ಇನ್ನು ಕಾಯಕ್ಕಾಗಲ್ಲ ಅಂತೆ. ಇಳಿಯೋಕೆ ಹೇಳು.' ಇದಕ್ಕೆ ಜವಾಬು ನನ್ನ ಬಾಯಲ್ಲಿ ಬರಬಾರದು, ಒಮ್ಮೆ ಬಂದದ್ದು ಸಾಕು. ರೊಲಾಂ ಗುರುವಾರ ಬೆಳಿಗ್ಗೆ ಹಿಂದಿರುಗುತ್ತಾನೆ. ಮುಂದಿನ ಸೀಟು ಖಾಲಿ ಬಿಡಲು ಹೇಳಿದ್ದೇನೆ. ಅಲ್ಲಿ ಮೊಣಕಾಲು ಚಾಚಬಹುದು.